ಬೆರಳುದ್ದದ ‘ಮಸ್ಕಿಟೋ’: ಪುಟ್ಟ ರಾಕೆಟ್ ಕಿಟ್ಟನ್ನು ಕಟ್ಟಿ ಹಾರಿಸುವ ಬಗೆ

ಅಮೆರಿಕದ ಹಾಬಿ ಅಂಗಡಿಗಳಲ್ಲಿ ಸಿಗುವ ಮಾದರಿ ರಾಕೆಟ್‌ಗಳ ಪೈಕಿ ಎಸ್ಟಿಸ್ ಕಂಪನಿಯ ‘ಮಸ್ಕಿಟೋ’ ಅತ್ಯಂತ ಚಿಕ್ಕವುಗಳಲ್ಲಿ ಒಂದು. ಉದ್ದ ಸುಮಾರು 10 ಸೆಂ.ಮೀ., ಕೊಳವೆಯ ದಪ್ಪ 14 ಮಿ.ಮೀ.ಗೂ ತುಸು ಕಡಿಮೆ. ಕಾಗದದ ಒಂದು ಕೊಳವೆ, ಒಂದು ಮೂತಿ, ಬಾಲ್ಸಾ ಮರದ ಮೂರು ರೆಕ್ಕೆಗಳು, ಉಡಾವಣಾ ಕಂಬಿಗೆ ಪೋಣಿಸಲು ಒಂದು ಸಣ್ಣ ನಳಿಕೆ ಮತ್ತು ಮೋಟರ್ (ರಾಕೆಟ್ಟನ್ನು ಮೇಲಕ್ಕೆ ನೂಕುವ, ಮದ್ದು ತುಂಬಿದ ಪುಟ್ಟ ಕೊಳವೆ) ಮುಂದಕ್ಕೆ ಜಾರದಂತೆ ಒಳಗೆ ಕೂರಿಸುವ ಒಂದು ಬಳೆ, ಇಷ್ಟೇ ಅದರ ಸಾಮಗ್ರಿ. ಇಷ್ಟು ಕಡಿಮೆ ಭಾಗಗಳಿರುವುದರಿಂದ ಮಕ್ಕಳ ಮೊದಲ ರಾಕೆಟ್ಟಿಗೆ ಇದೇ ಸುಲಭವೆಂದು ಅನೇಕರು ಕೊಳ್ಳುತ್ತಾರೆ. ಅಂಟಿಸುವುದು ಸುಲಭವೇ, ಆದರೆ ದೊಡ್ಡ ರಾಕೆಟ್ಟಿನಲ್ಲಿ ಲೆಕ್ಕಕ್ಕೆ ಬಾರದ ಒಂದು ಮಿಲಿಮೀಟರ್ ಓರೆ ಇಲ್ಲಿ ಇಡೀ ಹಾರಾಟವನ್ನೇ ಕೆಡಿಸುತ್ತದೆ.

ಇದಕ್ಕೆ ಪ್ಯಾರಾಚೂಟ್ ಇಲ್ಲ. ಮೋಟರಿನ ಮುಖ್ಯ ಮದ್ದು ಉರಿದು ಮುಗಿದ ಮೇಲೆ ಕೆಲವು ಸೆಕೆಂಡುಗಳ ಕಾಲ ನಿಧಾನವಾಗಿ ಉರಿಯುವ ಪದರವೊಂದಿದ್ದು, ಅದರ ಕೊನೆಗೆ ಸಣ್ಣದೊಂದು ಸಿಡಿತವಾಗುತ್ತದೆ. ಮೂತಿಯನ್ನು ಅಂಟಿಸಿಯೇ ಬಿಟ್ಟಿರುವುದರಿಂದ ಆ ಒತ್ತಡ ಖಾಲಿ ಮೋಟರನ್ನು ಹಿಂದಿನಿಂದ ಹೊರದೂಡುತ್ತದೆ. ಭಾರ ಕಳೆದುಕೊಂಡು ತೀರ ಹಗುರಾದ ರಾಕೆಟ್ ಲಾಗ ಹಾಕುತ್ತಾ ಮೆಲ್ಲಗೆ ಕೆಳಗಿಳಿಯುತ್ತದೆ. ಕಟ್ಟುವಾಗ ಗಮನವಿಡಬೇಕಾದ ಸಂಗತಿಗಳೆಲ್ಲ ಈ ಕ್ರಮದಿಂದಲೇ ಹುಟ್ಟುತ್ತವೆ.

ಮೊದಲು ರೆಕ್ಕೆಗಳನ್ನು ಹಲಗೆಯಿಂದ ಬಿಡಿಸಿಕೊಳ್ಳಿ. ಕೈಯಿಂದ ಮುರಿಯದೆ, ಅಂಟಿಕೊಂಡಿರುವ ಕಡೆಗಳನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಬೇಕು. ಮೂರನ್ನೂ ಒಂದರ ಮೇಲೊಂದು ಜೋಡಿಸಿ ಹಿಡಿದು, ಅಂಚುಗಳನ್ನು ನಯವಾದ ಉಪ್ಪುಕಾಗದದಲ್ಲಿ ಒಟ್ಟಿಗೆ ಉಜ್ಜಿದರೆ ಮೂರೂ ಒಂದೇ ಅಳತೆಗೆ ಬರುತ್ತವೆ. ಕೊಳವೆಗೆ ಅಂಟುವ ಅಂಚನ್ನು ಮಾತ್ರ ದುಂಡಗೆ ಮಾಡದೆ ಚಪ್ಪಟೆಯಾಗಿಯೇ ಉಳಿಸಿ. ರೆಕ್ಕೆಯ ಜಾಗಗಳನ್ನು ಗುರುತಿಸಲು ಕಿಟ್ಟಿನ ಕಾಗದದ ಪಟ್ಟಿಯನ್ನು ಕೊಳವೆಗೆ ಸುತ್ತಿ ಮೂರು ಚುಕ್ಕೆಗಳನ್ನಿಡಿ. ಆ ಚುಕ್ಕೆಗಳಿಂದ ನೇರ ಗೆರೆ ಎಳೆಯುವುದಕ್ಕೆ ಬಾಗಿಲ ಚೌಕಟ್ಟಿನ ಮೂಲೆಯಷ್ಟು ಒಳ್ಳೆಯ ಸಾಧನ ಬೇರೆ ಸಿಗದು: ಕೊಳವೆಯನ್ನು ಮೂಲೆಗೆ ಒತ್ತಿ ಹಿಡಿದು ಅಂಚಿನುದ್ದಕ್ಕೂ ಪೆನ್ಸಿಲ್ ಎಳೆದರೆ ಗೆರೆ ತಾನಾಗಿ ನೇರವಾಗುತ್ತದೆ.

ಅಂಟಿಗೆ ಮರಗೆಲಸದ ಬಿಳಿ ಅಂಟೇ ಸಾಕು. ರೆಕ್ಕೆಯ ಅಂಚಿಗೆ ತೆಳುವಾಗಿ ಸವರಿ, ಗೆರೆಯ ಮೇಲೆ ಒಮ್ಮೆ ಒತ್ತಿ ತೆಗೆದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಸವರಿ ಕೂರಿಸಿದರೆ ಕೂಡಲೇ ಹಿಡಿದುಕೊಳ್ಳುತ್ತದೆ. ಬಳಿಕ ಕೊಳವೆಯನ್ನು ಹಿಂದಿನ ತುದಿಯಿಂದ ಒಂದೇ ಕಣ್ಣಿನಲ್ಲಿ ನೋಡಿ. ಮೂರು ರೆಕ್ಕೆಗಳೂ ನಡುಬಿಂದುವಿನಿಂದ ಹೊರಟ ಗೆರೆಗಳಂತೆ ಕಾಣಬೇಕು. ನಳಿಕೆಯೂ ಕೊಳವೆಗೆ ಸಮಾನಾಂತರವಾಗಿರಲಿ. ಗಟ್ಟಿಯಾಗಲೆಂದು ರೆಕ್ಕೆಗಳ ಬುಡಕ್ಕೆ ಅಂಟನ್ನೂ ಬಣ್ಣವನ್ನೂ ಮೆತ್ತಬೇಡಿ. ಹಿಂಭಾಗ ಭಾರವಾದಷ್ಟೂ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಅದು ಗಾಳಿಯ ಒತ್ತಡದ ಕೇಂದ್ರಕ್ಕಿಂತ (ಗಾಳಿಯ ಒತ್ತಡವೆಲ್ಲ ಒಂದೆಡೆ ಸೇರಿ ಬೀಳುವಂತಿರುವ ಬಿಂದು) ಸಾಕಷ್ಟು ಮುಂದಿಲ್ಲದ ರಾಕೆಟ್ ಗಾಳಿಯಲ್ಲೇ ಗಿರಕಿ ಹೊಡೆಯುತ್ತದೆ. ಬಣ್ಣ ತೆಳುವಾಗಿರಲಿ, ಕಣ್ಣು ಕುಕ್ಕುವ ಕಿತ್ತಳೆಯೋ ಗುಲಾಬಿಯೋ ಆಗಿರಲಿ. ಹಸಿರು ಬಳಿದು ಹುಲ್ಲಿನಲ್ಲಿ ಹುಡುಕುವ ಕಷ್ಟ ಯಾರಿಗೂ ಬೇಡ.

ಮೋಟರಿನ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಈ ರಾಕೆಟ್ಟಿಗೆ ಹೊಂದುವುದು 13 ಮಿ.ಮೀ. ದಪ್ಪ, 45 ಮಿ.ಮೀ. ಉದ್ದದ ‘ಟಿ’ ಗುರುತಿನ ಮಿನಿ ಮೋಟರ್. ‘ಎ10-3ಟಿ’ ಎಂದು ಬರೆದಿದ್ದರೆ ‘ಎ’ ಒಟ್ಟು ಶಕ್ತಿಯ ವರ್ಗ, 10 ಎಂಬುದು ನ್ಯೂಟನ್‌ಗಳಲ್ಲಿ ಸರಾಸರಿ ನೂಕುಬಲ, 3 ಎಂಬುದು ಉರಿ ಮುಗಿದು ಸಿಡಿತವಾಗುವವರೆಗಿನ ಸೆಕೆಂಡುಗಳು. ಪೂರ್ತಿ ‘ಎ’ ಹಾಕಿದರೆ ಈ ರಾಕೆಟ್ ಕಂಬಿ ಬಿಟ್ಟೊಡನೆ ಕಣ್ಣಿಗೆ ಬೀಳುವುದಿಲ್ಲ, ಮತ್ತೆ ಕೈಗೂ ಸಿಗುವುದಿಲ್ಲ. ಮೊದಲ ಹಾರಾಟಕ್ಕೆ ‘ಅರ್ಧ ಎ’ ವರ್ಗದ ‘1/2ಎ3-4ಟಿ’ ಸಾಕೋ ಸಾಕು. ಅದನ್ನು ಕೊಳವೆಯಲ್ಲಿ ಕೂರಿಸುವ ಬಿಗಿಯನ್ನು ಕೈಯೇ ತಿಳಿಯಬೇಕು: ರಾಕೆಟ್ಟನ್ನು ನೆಟ್ಟಗೆ ಹಿಡಿದು ಅಲುಗಿಸಿದರೆ ಬೀಳಕೂಡದು, ಎರಡು ಬೆರಳಲ್ಲಿ ಎಳೆದರೆ ಹೊರಬರಬೇಕು. ಸಡಿಲವಾಗಿದ್ದರೆ ಮಾಸ್ಕಿಂಗ್ ಟೇಪಿನ ಒಂದು ತುಂಡು ಸುತ್ತಿ. ತೀರ ಬಿಗಿಯಾದರೆ ಮೋಟರ್ ಹೊರಬೀಳದೆ ರಾಕೆಟ್ ನೆಟ್ಟಗೆ ನೆಲಕ್ಕೆ ಎರಗುತ್ತದೆ.

ಹಾರಿಸಲು ಒಣಹುಲ್ಲಿಲ್ಲದ, ಮರ ಮತ್ತು ವಿದ್ಯುತ್ ತಂತಿಗಳಿಂದ ದೂರವಿರುವ ಬಯಲು ಬೇಕು. ಅಮೆರಿಕದ ರಾಷ್ಟ್ರೀಯ ರಾಕೆಟ್ ಸಂಘದ ಸುರಕ್ಷಾ ನಿಯಮಗಳ ಪ್ರಕಾರ ‘ಎ’ ವರ್ಗಕ್ಕೆ ಕನಿಷ್ಠ 100 ಅಡಿ ಅಗಲದ ಜಾಗವಿರಬೇಕು, ಗಾಳಿಯ ವೇಗ ಗಂಟೆಗೆ 20 ಮೈಲಿ ಮೀರಿರಬಾರದು, ಹಾರಿಸುವವರು 15 ಅಡಿ ದೂರ ನಿಂತಿರಬೇಕು. ಈ ರಾಕೆಟ್ ಎಷ್ಟು ಹಗುರವೆಂದರೆ ನನ್ನ ಮಟ್ಟಿಗೆ 100 ಅಡಿಯೂ ಕಡಿಮೆಯೇ. ಶಾಲೆಯ ಫುಟ್‌ಬಾಲ್ ಮೈದಾನ ಸಿಕ್ಕರೆ ಒಳ್ಳೆಯದು, ಆದರೆ ಅನುಮತಿ ಕೇಳಿಯೇ ಹೋಗಿ. ಇಗ್ನೈಟರನ್ನು (ವಿದ್ಯುತ್ತಿನಿಂದ ಕಾದು ಮದ್ದಿಗೆ ಬೆಂಕಿ ಹೊತ್ತಿಸುವ ಸಣ್ಣ ತಂತಿ) ಮೋಟರಿನ ರಂಧ್ರದಲ್ಲಿ ಮದ್ದಿಗೆ ತಾಗುವವರೆಗೆ ತೂರಿಸಿ ಪ್ಲಾಸ್ಟಿಕ್ ಬಿರಡೆ ಒತ್ತಿ. ತಾಗದಿದ್ದರೆ ಇಗ್ನೈಟರ್ ಮಾತ್ರ ಸುಟ್ಟು ರಾಕೆಟ್ ಅಲ್ಲೇ ಕೂತಿರುತ್ತದೆ. ದೂರದಿಂದ ಹಾರಿಸುವ ಗುಂಡಿಯಿರುವ ಪೆಟ್ಟಿಗೆಗೆ ಸುರಕ್ಷಾ ಕೀಲಿಯನ್ನು ಎಲ್ಲರೂ ದೂರ ಸರಿದ ಮೇಲೆಯೇ ಹಾಕಬೇಕು. ಐದರಿಂದ ಗಟ್ಟಿಯಾಗಿ ಇಳಿಯೆಣಿಸಿ ಗುಂಡಿ ಒತ್ತಿ. ರಾಕೆಟ್ ಏಳದಿದ್ದರೆ ಕೀಲಿಯನ್ನು ಕಿತ್ತು, 60 ಸೆಕೆಂಡು ಕಳೆಯುವ ಮುನ್ನ ಯಾರನ್ನೂ ಹತ್ತಿರ ಬಿಡಬೇಡಿ.

ರಾಕೆಟ್ ಬೀಳುವ ಜಾಗ ನೋಡಲು ಇಬ್ಬರನ್ನು ಬೇರೆ ಬೇರೆ ಕಡೆ ನಿಲ್ಲಿಸಿ, ಬಿದ್ದ ದಿಕ್ಕಿನಲ್ಲಿ ದೂರದ ಮರವನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳಲು ಹೇಳಿ. ಆ ಎರಡು ಗೆರೆಗಳು ಕೂಡುವಲ್ಲಿ ಹುಡುಕಬೇಕು. ಹೊರಬಿದ್ದ ಮೋಟರನ್ನೂ ಹುಡುಕಿ ತೆಗೆಯಿರಿ, ಅದನ್ನು ಮತ್ತೆ ತುಂಬಲು ಹೋಗಬೇಡಿ.

ಊರಿನಲ್ಲಿರುವ ಅಣ್ಣನ ಮಕ್ಕಳಿಗೆ ಉಡುಗೊರೆಯಾಗಿ ಒಯ್ಯುವ ಆಸೆಯಿದ್ದರೆ, ಕಿಟ್ಟನ್ನು ಮಾತ್ರ ಒಯ್ಯಿರಿ. ಮೋಟರ್‌ಗಳನ್ನು ವಿಮಾನದಲ್ಲಿ ಕೈಚೀಲದಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಇಡುವಂತಿಲ್ಲ. ಮೋಟರ್ ಇಲ್ಲವೆಂದು ದೀಪಾವಳಿಯ ಪಟಾಕಿಯ ಮದ್ದನ್ನು ಆ ಕೊಳವೆಗೆ ತುಂಬಬಾರದೆಂದು ಮಕ್ಕಳಿಗೂ ಅವರ ಅಪ್ಪ ಅಮ್ಮನಿಗೂ ಮೊದಲೇ ಹೇಳಿಬಿಡಿ.