ಮಾರುತದ ನೆರಳು ಅಳೆದ ದಿನ

ಏಪ್ರಿಲ್ 24ರ ನಡುಮಧ್ಯಾಹ್ನ. ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು, ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಅಳತೆಯ ಟೇಪು ಹಿಡಿದು, ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ, ಮಾರುತ್ ಎಂಬ ಹಳೆಯ ಯುದ್ಧವಿಮಾನದ ಪಕ್ಕ ನಿಂತಿದ್ದೆ. ಅದರ 72ನೇ ಒಂದು ಪಾಲು ಅಳತೆಯ ಮಾಡೆಲ್ ಮಾಡುವ ಹುಚ್ಚು ನನ್ನದು. ಕಾವಲಿನವರು ದೂರದಿಂದಲೇ ಗಮನಿಸುತ್ತಿದ್ದರು. ಕೊನೆಗೆ ತಡೆಯಲಾರದೆ ಹತ್ತಿರ ಬಂದರು.

"ಏನ್ ಸಾರ್, ಸೈಟ್ ಅಳೀತಿದ್ದೀರಾ?"

"ಇಲ್ಲಣ್ಣ, ನೆರಳು ಅಳೀಬೇಕಿತ್ತು. ವಿಮಾನ ಮುಟ್ಟಲ್ಲ. ನೆಲದ ಮೇಲೆ ಒಂದಷ್ಟು ಗುರುತು ಹಾಕ್ಕೊಳ್ಲಾ?"

ಅವರು ನನ್ನನ್ನೂ ವಿಮಾನವನ್ನೂ ಒಮ್ಮೆ ನೋಡಿದರು. "ಆಮೇಲೆ ನೀರು ಹಾಕಿ ಅಳಿಸ್ಬಿಡಿ" ಎಂದು ಹೇಳಿ ಮರದಡಿಗೆ ಹೋದರು.

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆಯ ಮಕ್ಕಳನ್ನು ಅಂಗಳಕ್ಕೆ ಕರೆತಂದು ತೋರಿಸುತ್ತಾರಲ್ಲ, ಅದೇ. 12 ಗಂಟೆ 17 ನಿಮಿಷದ ಹೊತ್ತಿಗೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆದರೆ ಅಡ್ಡಡ್ಡಲಾಗಿ ಚಾಚಿಕೊಂಡ ವಿಮಾನಕ್ಕೆ ಇರುತ್ತದೆ. ಆ ಗಳಿಗೆಯಲ್ಲಿ ಅದರ ನೆರಳು ಮೇಲಿನಿಂದ ನೋಡಿದ ನಕ್ಷೆಯೇ ಆಗಿಬಿಡುತ್ತದೆ. ಓರೆಯಿಲ್ಲ, ಕ್ಯಾಮೆರಾ ಲೆನ್ಸಿನ ಸೊಟ್ಟವೂ ಇಲ್ಲ. ನೆರಳಿನ ಅಂಚು ಸ್ವಲ್ಪ ಮಸುಕಾಗಿರುತ್ತದೆ, ನಿಜ. ಸೂರ್ಯ ಚುಕ್ಕೆಯಲ್ಲ, ಬಿಲ್ಲೆ. ನೆಲದಿಂದ ಒಂದೂವರೆ ಮೀಟರ್ ಎತ್ತರದ ರೆಕ್ಕೆಯ ನೆರಳಿನ ಅಂಚಿನಲ್ಲಿ ಸುಮಾರು 14 ಮಿಲಿಮೀಟರ್ ಮಸುಕು ಬರುತ್ತದೆ. ಮಾಡೆಲ್ಲಿನ ಅಳತೆಗೆ ಇಳಿಸಲು ಅದನ್ನು 72ರಿಂದ ಭಾಗಿಸಿದರೆ 0.2 ಮಿಲಿಮೀಟರ್. ನನ್ನ ಉಪ್ಪುಕಾಗದ ಅದಕ್ಕಿಂತ ಹೆಚ್ಚು ತಪ್ಪು ಮಾಡುತ್ತದೆ.

ಇಷ್ಟೆಲ್ಲ ಪಾಡು ಯಾಕೆಂದರೆ, ಎಚ್‌ಎಫ್-24 ಮಾರುತ್ ವಿಮಾನದ 1/72 ಮಾಡೆಲ್ ಮಾಡಬೇಕೆಂದು ಹೊರದೇಶದ ಒಂದು ಸಣ್ಣ ವರ್ಕ್‌ಶಾಪಿನ ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡಿದ ಪ್ಲಾಸ್ಟಿಕ್) ಕಿಟ್ ತರಿಸಿದ್ದೆ. ಪೆಟ್ಟಿಗೆ ತೆರೆದು ಬಾಡಿಯ ಎರಡು ಹೋಳು ಜೋಡಿಸಿ ಹಿಡಿದಾಗಲೇ ಕಣ್ಣಿಗೆ ಏನೋ ಕಿರಿಕಿರಿ. ನಿಜವಾದ ಮಾರುತ್ 15.87 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.6 ಮೀಟರ್. 72ರಿಂದ ಭಾಗಿಸಿದರೆ ಉದ್ದ 220 ಮಿಲಿಮೀಟರ್, ರೆಕ್ಕೆ ಸರಿಯಾಗಿ 125, ಎತ್ತರ ಸರಿಯಾಗಿ 50. ಇಷ್ಟು ಸಲೀಸಾಗಿ ಲೆಕ್ಕ ಕೂಡುವ ವಿಮಾನ ಬೇರೆ ನನಗೆ ಸಿಕ್ಕಿಲ್ಲ. ಕಿಟ್ಟಿನಲ್ಲಿ ಉದ್ದ, ಅಗಲ, ಎತ್ತರ ಮೂರೂ ಹೆಚ್ಚುಕಡಿಮೆ ಹೊಂದಿದ್ದವು. ಆದರೂ ಅದು ಮಾರುತ್ ಆಗಿರಲಿಲ್ಲ. ಸೊಂಟ ಇರಲಿಲ್ಲ.

ಮಾರುತ್‌ನ ಬಾಡಿ ನೋಡಿದವರಿಗೆ ಗೊತ್ತು: ರೆಕ್ಕೆ ಕೂಡುವ ಜಾಗದಲ್ಲಿ ಅದು ಒಳಕ್ಕೆ ಸೊರಗಿ, ಹಿಂದೆ ಎಂಜಿನ್ ಇರುವಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಇದು ಅಲಂಕಾರವಲ್ಲ. ಶಬ್ದದ ವೇಗದ ಹತ್ತಿರ ಹಾರುವಾಗ ಗಾಳಿಗೆ ಬಾಡಿ ಬೇರೆ, ರೆಕ್ಕೆ ಬೇರೆ ಎಂಬ ಭೇದವಿಲ್ಲ. ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಎಲ್ಲೂ ದಿಢೀರನೆ ಏರಬಾರದು, ಇಳಿಯಬಾರದು. ರೆಕ್ಕೆ ಬಂದು ಸೇರುವಲ್ಲಿ ಬಾಡಿ ಅಷ್ಟು ಜಾಗ ಬಿಟ್ಟುಕೊಡಬೇಕು. ಎರಡನೇ ಮಹಾಯುದ್ಧದ ಫಾಕೆ-ವುಲ್ಫ್ 190 ವಿನ್ಯಾಸ ಮಾಡಿದ ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ತನ್ನ ತಂಡದೊಂದಿಗೆ ಬೆಂಗಳೂರಿಗೆ ಬಂದು ಎಳೆದ ಗೆರೆ ಇದು. 1959ರಲ್ಲಿ ಇದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಅಸಲಿ ವಿಮಾನವನ್ನು ಮೊದಲ ಸಲ ಮೇಲಕ್ಕೊಯ್ದರು. ಶಬ್ದದ ಎರಡು ಪಟ್ಟು ವೇಗವನ್ನು ಮನಸ್ಸಿನಲ್ಲಿಟ್ಟುಕೊಂಡು ಕಡೆದ ದೇಹಕ್ಕೆ ಕೊನೆಗೆ ಸಿಕ್ಕಿದ್ದು ಹೆಚ್ಚಿನ ನೂಕುಬಲ ಕೊಡುವ ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703 ಎಂಜಿನ್, ಎರಡು. ಸಮತಲ ಹಾರಾಟದಲ್ಲಿ ಶಬ್ದದ ವೇಗ ಮುಟ್ಟುವುದೇ ಸಾಹಸವಾಯಿತು. ಎಂಜಿನ್ ಕೊಡದ ವೇಗವೆಲ್ಲ ಆ ಗೆರೆಯಲ್ಲಿದೆ. ಅದನ್ನೇ ನೆಟ್ಟಗೆ ಮಾಡಿಬಿಟ್ಟರೆ ಕೈಯಲ್ಲಿ ಉಳಿಯುವುದು ಬರೀ ಕೊಳವೆ.

ಹಾಗಾಗಿ ನೆರಳಿನ ಉಪಾಯ. ಒಬ್ಬನೇ ಹೋಗಿದ್ದು ತಪ್ಪಾಯಿತು. ಮೂಗಿನಿಂದ ಗುರುತು ಹಾಕುತ್ತ ಬಾಲಕ್ಕೆ ಬರುವಷ್ಟರಲ್ಲಿ ಆರೇಳು ನಿಮಿಷ ಕಳೆದು ನೆರಳು ಸರಿಯತೊಡಗಿತ್ತು. ಆದರೂ ಮೂಗು, ರೆಕ್ಕೆಯ ಓರೆ, ಬಾಲದ ರೆಕ್ಕೆ ಎಲ್ಲ ದಕ್ಕಿದವು. ಮನೆಗೆ ಬಂದು ಚೌಕುಳಿ ಹಾಳೆಯ ಮೇಲೆ ಬಿಡಿಸಿದಾಗ ತಿಳಿಯಿತು: ಯಾವುದಕ್ಕಾಗಿ ಹೋಗಿದ್ದೆನೋ ಅದೇ ಸಿಕ್ಕಿಲ್ಲ. ಸೊಂಟ ಇರುವುದು ರೆಕ್ಕೆ ಕೂಡುವಲ್ಲಿ. ಅಲ್ಲಿ ಬಾಡಿಯ ನೆರಳನ್ನು ರೆಕ್ಕೆಯ ನೆರಳು ನುಂಗಿಬಿಟ್ಟಿತ್ತು! ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸೊಂಟ ಸಿಕ್ಕಿದ್ದು ಹಳೆಯ ಫೋಟೋಗಳಿಂದ. ಪಕ್ಕದ ವಿಮಾನದಿಂದ ತೆಗೆದ, ಮಾರುತ್ ವಾಲಿಕೊಂಡು ಬೆನ್ನು ತೋರಿಸುವ ಫೋಟೋಗಳಿವೆ. ದೂರದಿಂದ ತೆಗೆದದ್ದಾದ್ದರಿಂದ ಸೊಟ್ಟ ಕಡಿಮೆ. ಅವನ್ನು ನೆರಳಿನ ನಕ್ಷೆಯ ಮೇಲಿಟ್ಟು ಮೂಗು, ರೆಕ್ಕೆಯ ತುದಿ, ಬಾಲ ಹೊಂದುವವರೆಗೆ ಹಿಗ್ಗಿಸಿ ಕುಗ್ಗಿಸಿದೆ. ಮೂರು ಫೋಟೋ ಒಂದೇ ಗೆರೆ ಹೇಳಿದ ಮೇಲೆ ನಂಬಿದೆ. ಕಿಟ್ಟಿನ ಸೊಂಟ ಎರಡೂ ಬದಿ ಸೇರಿ 2 ಮಿಲಿಮೀಟರ್ ದಪ್ಪ ಇತ್ತು. ಎರಡೇ ಮಿಲಿಮೀಟರಾ ಅನ್ನಬೇಡಿ, ಅಸಲಿ ವಿಮಾನದಲ್ಲಿ ಅದು 14 ಸೆಂಟಿಮೀಟರ್, ಅರ್ಧ ಗೇಣಿಗಿಂತ ಹೆಚ್ಚು.

ಒಳಗೆ ಟೊಳ್ಳಾದ ರೆಸಿನ್ ಬಾಡಿಯಿಂದ ಒಂದೊಂದು ಬದಿಗೆ ಒಂದು ಮಿಲಿಮೀಟರ್ ಉಜ್ಜಿದರೆ ತೂತು ಬೀಳುವುದು ಖಂಡಿತ. ಅದಕ್ಕೆ ಮೊದಲು ಒಳಗಡೆಯಿಂದ ಎಂ-ಸೀಲ್ ನಾದಿ ಮೆತ್ತಿದೆ. ನಲ್ಲಿ ಸೋರಿದಾಗ ಹಚ್ಚುವ ಅದೇ ಎಂ-ಸೀಲ್. ರಾತ್ರಿಯಿಡೀ ಬಿಟ್ಟರೆ ಕಲ್ಲಿನಂತಾಗುತ್ತದೆ, ರೆಸಿನ್ ಜೊತೆಗೇ ಚೆನ್ನಾಗಿ ಸವೆಯುತ್ತದೆ. ಆಮೇಲೆ ಹೊರಗಿನಿಂದ ಉಜ್ಜಾಟ. ರೆಸಿನ್ ಪುಡಿ ಎದೆಗೆ ಬಹಳ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡು, ಬಟ್ಟಲಿನ ನೀರಿನಲ್ಲಿ ಅದ್ದಿ ಅದ್ದಿಯೇ ಉಜ್ಜಬೇಕು. ಅವಧಿ ಮುಗಿದ ಎಟಿಎಂ ಕಾರ್ಡುಗಳಿಂದ ಏಳು ಅಚ್ಚುಗಳನ್ನು ಕತ್ತರಿಸಿಕೊಂಡಿದ್ದೆ, ಬಾಡಿಯ ಏಳು ಜಾಗದ ಅಡ್ಡಕೊಯ್ತಕ್ಕೆ ಒಂದೊಂದು. ಅಚ್ಚನ್ನು ಬಾಡಿಗೆ ಆನಿಸಿ ಕಿಟಕಿಗೆ ಹಿಡಿದರೆ ಎಲ್ಲಿ ಬೆಳಕು ಇಣುಕುತ್ತದೋ ಅದರ ಆಚೀಚೆ ಇನ್ನೂ ಉಬ್ಬಿದೆ ಎಂದರ್ಥ. ಎಂಟು ಭಾನುವಾರ ಇದೇ ಆಯಿತು. ಅಷ್ಟರಲ್ಲಿ ಮನೆಯಾಕೆ ಅಡುಗೆಮನೆಯ ಆ ಬಟ್ಟಲನ್ನು ನನಗೇ ಬಿಟ್ಟುಕೊಟ್ಟಿದ್ದಳು.

ರೆಕ್ಕೆಗಳು ಸಾಗಣೆಯಲ್ಲಿ ಹಪ್ಪಳದಂತೆ ಬಾಗಿದ್ದವು. ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಗಾಜಿನ ಮೇಲೆ ಒತ್ತಿ, ತಣ್ಣೀರು ಸುರಿದರೆ ಸರಿಹೋಗುತ್ತದೆ. ಸಣ್ಣ ಬಿರುಕುಗಳಿಗೆ ಫೆವಿಕ್ವಿಕ್ ಮೇಲೆ ಚಿಟಿಕೆ ಅಡುಗೆ ಸೋಡಾ. ಕ್ಷಣದಲ್ಲಿ ಗಟ್ಟಿ, ಆದರೆ ಅದೇ ದಿನ ಉಜ್ಜಿಬಿಡಿ. ನಾಳೆಗೆ ಬಿಟ್ಟರೆ ಸುತ್ತಲಿನ ರೆಸಿನ್ ಸವೆದು ಅದೊಂದೇ ಗುಳ್ಳೆಯಂತೆ ನಿಲ್ಲುತ್ತದೆ.

ತಗಡುಗಳ ಸಂದು ಕೊರೆಯುವ ವಿಷಯದಲ್ಲಿ ನನಗೆ ಜಗಳವಿದೆ. ಮಾಡೆಲ್ ಮಾಡುವವರಲ್ಲಿ ಹೆಚ್ಚಿನವರು ಆಳವಾಗಿ ಗೆರೆ ಕೊರೆದು, ಅದರೊಳಗೆ ಕಪ್ಪು ತುಂಬಿ, "ಡೀಟೇಲ್ ನೋಡಿ" ಅನ್ನುತ್ತಾರೆ. 0.2 ಮಿಲಿಮೀಟರಿನ ಗೆರೆ ಎಂದರೆ ನಿಜದಲ್ಲಿ 14 ಮಿಲಿಮೀಟರ್ ಬಿರುಕು. ಅಂಥ ಬಿರುಕಿರುವ ವಿಮಾನದಲ್ಲಿ ಯಾರು ಕೂರುತ್ತಾರೆ? ಉಜ್ಜಿ ಅಳಿಸಿಹೋದ ಗೆರೆಗಳಲ್ಲಿ ತೆರೆಯುವ ಬಾಗಿಲು, ಅಲುಗಾಡುವ ರೆಕ್ಕೆಯಂಚು ಇಷ್ಟನ್ನು ಮಾತ್ರ ಸೂಜಿಯಿಂದ ಮತ್ತೆ ಕೊರೆದೆ. ಉಳಿದವನ್ನು ಬಣ್ಣದ ಛಾಯೆಯಲ್ಲೇ ಸೂಚಿಸಿದೆ. ಹಾರಾಟದ ವೇಗ ಅಳೆಯುವ ಪಿಟೋ ಕೊಳವೆಗೆ ಇನ್ಸುಲಿನ್ ಸೂಜಿ; ಅದರ ದಪ್ಪ ಕಾಲು ಮಿಲಿಮೀಟರ್, ಅಂದರೆ 18 ಮಿಲಿಮೀಟರಿನ ಕೊಳವೆ, ಕಣ್ಣಿಗೆ ಒಪ್ಪುತ್ತದೆ. ಮೂಗಿನೊಳಗೆ ಸೈಕಲ್ ಅಂಗಡಿಯ ಬೇರಿಂಗ್ ಗೋಲಿ ತುಂಬಲು ಮರೆಯಬೇಡಿ. ಮೂರು ಗಾಲಿಯ ಜೆಟ್‌ಗಳು ಮುಂದೆ ಭಾರವಿಲ್ಲದಿದ್ದರೆ ಬಾಲ ಊರಿ ಕೂತುಬಿಡುತ್ತವೆ. ನನ್ನ ಮೊದಲ ಮಿಗ್ ಇವತ್ತಿಗೂ ಹಾಗೇ ಕೂತಿದೆ.

ಗಾಜಿನ ಮುಚ್ಚಳ, ಅಂದರೆ ಕ್ಯಾನೊಪಿ, ಕತ್ತರಿಸುವಾಗ ಸೀಳಿತು. ಕಿಟ್ಟಿನಲ್ಲಿ ಇದ್ದದ್ದು ಒಂದೇ. ಆ ಆಕಾರದ ಗಟ್ಟಿ ಅಚ್ಚನ್ನು ಎಂ-ಸೀಲ್‌ನಲ್ಲೇ ಮಾಡಿ ನಯವಾಗಿ ಉಜ್ಜಿ, ಅದನ್ನು ನೀರಿನ ಬಾಟಲಿಯ ಒಳಗಿಟ್ಟು, ಬಿಸಿಗಾಳಿ ಗನ್ ಹಿಡಿದೆ. ಬಾಟಲಿಯ ಪ್ಲಾಸ್ಟಿಕ್ ಸುಕ್ಕಾಗಿ ಕುಗ್ಗುತ್ತ ಅಚ್ಚಿಗೆ ಚರ್ಮದ ಹಾಗೆ ಅಂಟಿಕೊಂಡಿತು. ಹತ್ತು ಬಾಟಲಿ ಹಾಳಾದ ಮೇಲೆ ಹನ್ನೊಂದನೆಯದು ಬಂತು. ಟೂತ್‌ಪೇಸ್ಟ್ ಹಚ್ಚಿ ಮೃದು ಬಟ್ಟೆಯಲ್ಲಿ ತಿಕ್ಕಿದರೆ ಕಿಟ್ಟಿನದಕ್ಕಿಂತ ಚೊಕ್ಕವಾಯಿತು. ತೆಳ್ಳಗೂ ಇದೆ.

ಎತ್ತರದ ವಿಷಯದಲ್ಲಿ ಒಂದು ಎಚ್ಚರಿಕೆ. ವಸ್ತುಸಂಗ್ರಹಾಲಯದಲ್ಲಿ ನಿಂತಿರುವುದು ಖಾಲಿ ಹೊಟ್ಟೆಯ ವಿಮಾನ, ಇಂಧನವಿಲ್ಲ, ಮದ್ದುಗುಂಡಿಲ್ಲ. ದಾಳಿಗೆ ಹೊರಟ ವಿಮಾನದ ಕಾಲುಗಳು ಭಾರಕ್ಕೆ ಕುಸಿದಿರುತ್ತವೆ, ಟೈರು ಚಪ್ಪಟೆಯಾಗಿರುತ್ತದೆ. ನಾನು ಮಾಡುತ್ತಿದ್ದುದು 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಗಡಿಯಲ್ಲಿ ಹಾರಿದ 220ನೇ ಸ್ಕ್ವಾಡ್ರನ್‌ನ ವಿಮಾನ. ಹಾಗಾಗಿ ಕಾಲುಗಳನ್ನು ಒಂದು ಮಿಲಿಮೀಟರ್ ಕತ್ತರಿಸಿ, ಟೈರಿನ ತಳವನ್ನು ಬಿಸಿ ಚಾಕುವಿಗೆ ಒತ್ತಿ ಚಪ್ಪಟೆ ಮಾಡಿದೆ.

ಬಣ್ಣದಲ್ಲಂತೂ ಪ್ರದರ್ಶನದ ವಿಮಾನವನ್ನು ನಂಬಲೇಬಾರದು. ಆಕಾರ ಅಲ್ಲಿಂದ ತೆಗೆದುಕೊಳ್ಳಿ, ಬಣ್ಣ ಬೇಡ. ಮಳೆ ಬಿಸಿಲಿಗೆ ಕೆಟ್ಟಾಗಲೆಲ್ಲ ಕೈಗೆ ಸಿಕ್ಕ ಡಬ್ಬಿಯಿಂದ ಬಳಿದಿರುತ್ತಾರೆ, ಹೊಳಪು ಬೇರೆ. ನಾನು ಆ ಕಾಲದ ಫೋಟೋಗಳನ್ನು ನೆಚ್ಚಿಕೊಂಡು ಹಸಿರು, ಕಂದು ಪಟ್ಟೆ ಆರಿಸಿದೆ. ಹಳೆಯ ಬಣ್ಣದ ಫೋಟೋಗಳೂ ಕೆಂಪಿಗೆ ತಿರುಗಿರುತ್ತವೆ. ಅದೇ ಫೋಟೋದಲ್ಲಿರುವ ರೆಕ್ಕೆಯ ಲಾಂಛನದ ಬಿಳಿಯನ್ನು ನೋಡಿ, ಅದು ಎಷ್ಟು ಕೆಂಪಾಗಿದೆಯೋ ಅಷ್ಟನ್ನು ಉಳಿದ ಬಣ್ಣದಿಂದಲೂ ಮನಸ್ಸಿನಲ್ಲಿ ಕಳೆಯುವುದು ನನ್ನ ಲೆಕ್ಕ. ಆಮೇಲೆ ಪ್ರತಿ ಬಣ್ಣಕ್ಕೂ ಒಂದಿಷ್ಟು ಬಿಳಿ ಬೆರೆಸಬೇಕು. ದೂರದ ಬೆಟ್ಟ ಮಾಸಲಾಗಿ ಕಾಣುವುದಿಲ್ಲವೇ, ಸಣ್ಣ ಮಾಡೆಲ್ಲಿಗೆ ಅಸಲಿ ಬಣ್ಣವನ್ನೇ ಹೊಡೆದರೆ ಆಟಿಕೆಯ ಹಾಗೆ ಕಣ್ಣಿಗೆ ಹೊಡೆಯುತ್ತದೆ.

ಏರ್‌ಬ್ರಶ್‌ಗೆ ಬಣ್ಣ ನೀರುಮಜ್ಜಿಗೆಯ ಹದಕ್ಕೆ ಬರಬೇಕು. ಹದ ತಿಳಿಯಿತು ಅಂದುಕೊಂಡು ಜುಲೈ ತಿಂಗಳ ಜಡಿಮಳೆಯಲ್ಲಿ ಲ್ಯಾಕರ್ ಹೊಡೆದೆ. ಹತ್ತೇ ನಿಮಿಷದಲ್ಲಿ ಇಡೀ ರೆಕ್ಕೆಯ ಮೇಲೆ ಬೂದಿ ಎರಚಿದಂತೆ ಬಿಳಿ. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಕೊಂಡಿತ್ತು. ತೊಳೆದು ತೆಗೆದು, ಮಳೆ ನಿಲ್ಲುವವರೆಗೆ ಪೆಟ್ಟಿಗೆಯಲ್ಲಿಟ್ಟೆ. ದಸರಾ ಕಳೆದು ಬಿಸಿಲು ಬಂದ ಮೇಲೆ ಒಂದೇ ದಿನದಲ್ಲಿ ಮುಗಿಯಿತು.

ಲಾಂಛನವೂ ಒಂದಿಷ್ಟು ಆಟ ಆಡಿಸಿತು. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಪ್ರಿಂಟರಿಗೆ ಬಿಳಿ ಮುದ್ರಿಸಲು ಬರುವುದಿಲ್ಲ. ಪಾರದರ್ಶಕ ಡೀಕಲ್ (ಮುದ್ರಿಸಿ ಅಂಟಿಸುವ) ಹಾಳೆಯಲ್ಲಿ ತೆಗೆದರೆ ಅಡಿಯ ಹಸಿರು ಬಣ್ಣವೇ ಬಿಳಿಯ ಜಾಗದಲ್ಲಿ ಇಣುಕುತ್ತದೆ. ಬಿಳಿ ಡೀಕಲ್ ಹಾಳೆ ತಂದು, ಅಂಚಿಗೆ ಸರಿಯಾಗಿ ದುಂಡಗೆ ಕತ್ತರಿಸಿದೆ. 'ಬಿಡಿ' ಎಂದು ಆರಂಭವಾಗುವ ವಿಮಾನದ ಸಂಖ್ಯೆಗೆ ಆ ತೊಂದರೆಯಿಲ್ಲ, ಕಪ್ಪು ಅಕ್ಷರ.

ಎಲ್ಲ ಮುಗಿಸಿ, ನಮ್ಮ ಬೀದಿಯಲ್ಲೇ ಇರುವ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯರಿಗೆ ತೋರಿಸಲು ಒಯ್ದೆ. ಒಟ್ಟು ತಯಾರಾದ 147 ಮಾರುತ್‌ಗಳಲ್ಲಿ ಎಷ್ಟಕ್ಕೆ ಅವರ ಕೈ ತಾಗಿದೆಯೋ ಅವರಿಗೇ ಲೆಕ್ಕವಿಲ್ಲ. ಕನ್ನಡಕ ಹಾಕಿಕೊಂಡು, ನಾನು ಎಂಟು ಭಾನುವಾರ ಕೊಟ್ಟ ಸೊಂಟವನ್ನು ನೋಡಲೇ ಇಲ್ಲ. ನೇರವಾಗಿ ಮಗುಚಿ ಹೊಟ್ಟೆ ನೋಡಿದರು.

"ಏನಪ್ಪಾ, ಇಷ್ಟು ಚೊಕ್ಕ! ಇದು ಹಾರಿಲ್ವಾ?"

"ಯುದ್ಧದ್ದು ಅಂಕಲ್. ಹಾರಿರೋದೇ."

"ಹಾರಿದ್ರೆ ಎಣ್ಣೆ ಎಲ್ಲಿ? ಎಂಜಿನ್ ಬಾಗಿಲ ಸಂದಿಯಿಂದ ಹಿಂದಕ್ಕೆ ಜಿನುಗಿರ್ಬೇಕು. ಎಣ್ಣೆ ಜಿನುಗದೇ ಇರೋ ವಿಮಾನ ನಾನಂತೂ ನೋಡಿಲ್ಲ."

ಅಂದು ರಾತ್ರಿಯೇ ಆರ್ಟಿಸ್ಟ್ ಆಯಿಲ್ ಬಣ್ಣದ ಕಂದನ್ನು ಥಿನ್ನರ್‌ನಲ್ಲಿ ಕರಗಿಸಿ, ಅವರು ಬೆರಳಿಟ್ಟು ತೋರಿಸಿದ ನಾಲ್ಕು ಕಡೆ ಚುಕ್ಕೆಯಿಟ್ಟು, ಒಣ ಕುಂಚದಿಂದ ಗಾಳಿ ಬೀಸುವ ದಿಕ್ಕಿಗೆ ಎಳೆದೆ. ಮಾರನೆಯ ದಿನ ಒಯ್ದು ತೋರಿಸಿದಾಗ "ಒಂದು ಜಾಸ್ತಿ ಆಯ್ತು" ಎಂದರು. ಅದನ್ನು ಒರೆಸಿದ್ದೇನೆ.

ಆಗಸ್ಟ್ 18ಕ್ಕೆ ಮತ್ತೆ ಸೂರ್ಯ ನೆತ್ತಿಗೆ ಬರುತ್ತಾನೆ. ಮೋಡ ಇಲ್ಲದಿದ್ದರೆ ಅಜೀತ್ ಎಂಬ ಇನ್ನೊಂದು ಯುದ್ಧವಿಮಾನದ ನೆರಳು ಅಳೆಯಬೇಕು. ಈ ಸಲ ಟೇಪಿನ ಇನ್ನೊಂದು ತುದಿ ಹಿಡಿಯಲು ಮಗಳನ್ನು ಒಪ್ಪಿಸಿದ್ದೇನೆ, ಕೂಲಿ ಒಂದು ಮಸಾಲೆ ದೋಸೆ.