ಟೀಪುಡಿಯಿಂದ ಕೆಫೀನ್ ತೆಗೆದ ನನ್ನ ಅನುಭವ

ಮಂಡ್ಯದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಟೀಯಲ್ಲಿರೋದು ಥೀನ್, ಕಾಫಿಯಲ್ಲಿರೋದು ಕೆಫೀನ್, ಎರಡೂ ಬೇರೆ ಅಂತ ನಂಬಿರುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಸುಮ್ನೆ ಬಾಯಲ್ಲಿ ಹೇಳಿದರೆ ಒಪ್ಪುವುದಿಲ್ಲ. ಹಾಗಾಗಿ ಎರಡನ್ನೂ ಅವರ ಕೈಯಲ್ಲೇ ತೆಗೆಸುತ್ತೇನೆ.

ಗೊಂದಲ ಹಳೆಯದು. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ ಕಾಫಿ ಬೀಜದಿಂದ ಕೆಫೀನ್ ಬೇರ್ಪಡಿಸಿದ. 1827ರಲ್ಲಿ ಊದ್ರಿ ಎಂಬಾತ ಟೀಯಲ್ಲಿ ಸಿಕ್ಕಿದ್ದನ್ನು ಥೀನ್ ಅಂದ. ಎರಡೂ ಒಂದೇ ಅಂತ ತಿಳಿದದ್ದು 1838ರ ಹೊತ್ತಿಗೆ.

ಟೀಪುಡಿಯನ್ನು ಸೋಡಿಯಂ ಕಾರ್ಬೊನೇಟ್ ಹಾಕಿದ ನೀರಲ್ಲಿ ಕುದಿಸುತ್ತೇವೆ. ಒಗರು ಕೊಡುವ ಟ್ಯಾನಿನ್ ಆಗ ಲವಣವಾಗಿ ನೀರಲ್ಲೇ ಉಳಿಯುತ್ತದೆ. ಸೋಸಿ, ಪೂರ್ತಿ ಆರಿದ ಮೇಲೆ ಸೆಪರೇಟಿಂಗ್ ಫನಲ್‌ಗೆ (ಮೇಲೆ ಮುಚ್ಚಳ, ಕೆಳಗೆ ಕಾಕ್ ಅಂದರೆ ತಿರುಗಣೆ ಇರುವ ಗಾಜಿನ ಪಾತ್ರೆ) ಸುರಿದು ಡೈಕ್ಲೋರೊಮೀಥೇನ್ ಸೇರಿಸಬೇಕು. ಇದು ನೀರಿನ ಜೊತೆ ಬೆರೆಯದೆ ಕೆಳಗೆ ನಿಲ್ಲುವ, ಕೆಫೀನನ್ನು ತನ್ನೊಳಗೆ ಎಳೆದುಕೊಳ್ಳುವ ದ್ರವ. ಅದು 40 ಡಿಗ್ರಿಗೇ ಕುದಿಯುತ್ತದೆ, ಬಿಸಿ ಇದ್ದರೆ ಅಪಾಯ. ಹುಡುಗರು ಜೋರಾಗಿ ಕುಲುಕುವುದು ಇಲ್ಲೇ. ಕುಲುಕಿದರೆ ನಡುವೆ ಕಂದು ನೊರೆ ಕಟ್ಟಿಕೊಂಡು ಎಷ್ಟು ಕಾದರೂ ಬಿಡುವುದಿಲ್ಲ. ಫನಲ್ ಅನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಆಗಾಗ ಕಾಕ್ ತೆರೆದು ಗಾಳಿ ಬಿಡಬೇಕು. ಕೆಳಗಿನ ಪದರವೇ ನಮಗೆ ಬೇಕಾದದ್ದು. ಅದರ ತೇವ ತೆಗೆದು, ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆಯುವ ಗೂಡು) ಒಳಗೆ ಆವಿ ಮಾಡಿದರೆ ಹಸಿರು ಮಿಶ್ರಿತ ಬಿಳಿ ಪುಡಿ ಉಳಿಯುತ್ತದೆ. ಅದನ್ನು ಚೀನಾ ಡಿಶ್ ಎಂಬ ಪಿಂಗಾಣಿ ಬಟ್ಟಲಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಮೇಲೆ ಗಾಜಿನ ಮಾಮೂಲಿ ಫನಲ್ ಬೋರಲು ಹಾಕಿದರೆ ಒಳಗೋಡೆಗೆ ಹತ್ತಿಯ ಎಳೆಗಳ ಹಾಗೆ ಬಿಳಿ ಸೂಜಿಗಳು ಹತ್ತುತ್ತವೆ. ಎಷ್ಟು ವರ್ಷವಾದರೂ ನನಗೆ ಅದನ್ನು ನೋಡುವ ಖುಷಿ ಕಮ್ಮಿಯಾಗಿಲ್ಲ.

ಕಾಫಿಗೂ ಇದೇ ಕೆಲಸ. ಅಂಗಡಿಯಲ್ಲಿ ಚಿಕೋರಿ ಇಲ್ಲದ ಪುಡಿ ಕೇಳಿ ತನ್ನಿ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕಾಫಿಯಲ್ಲಿ ಎಣ್ಣೆ ಇರುವುದರಿಂದ ನೊರೆಯ ಕಾಟ ಇನ್ನೂ ಜಾಸ್ತಿ.

ಆಮೇಲೆ ಟೀಯ ಹರಳು, ಕಾಫಿಯ ಹರಳು, ಎರಡನ್ನೂ ಬೆರೆಸಿದ್ದು, ಮೂರರ ಕರಗುವ ಬಿಂದು ನೋಡುತ್ತೇವೆ. ಹರಳು ತುಂಬುವ ಕ್ಯಾಪಿಲರಿಯ (ಕೂದಲಿನಂಥ ಸಣ್ಣ ಗಾಜಿನ ನಳಿಕೆ) ಎರಡೂ ತುದಿ ಮುಚ್ಚಿ, ಇಲ್ಲದಿದ್ದರೆ ಕರಗುವ ಮೊದಲೇ ಆವಿಯಾಗಿ ಹೋಗುತ್ತದೆ. ಬೇರೆ ಬೇರೆ ವಸ್ತುವಾಗಿದ್ದರೆ ಬೆರೆಸಿದ್ದು ಕಡಿಮೆ ಬಿಸಿಗೇ ಕರಗಬೇಕಿತ್ತು ಅಲ್ವಾ? ಕರಗುವುದಿಲ್ಲ. ಶುದ್ಧವಾಗಿದ್ದರೆ ಮೂರೂ 235ರಿಂದ 238 ಡಿಗ್ರಿಯಲ್ಲೇ.

"ಹಾಗಾದ್ರೆ ಕಾಫಿನೇ ಯಾಕೆ ಸ್ಟ್ರಾಂಗ್ ಸಾರ್?" ಅಂತ ತಕ್ಷಣ ಪ್ರಶ್ನೆ. ತೂಕಕ್ಕೆ ತೂಕ ಹಿಡಿದರೆ ಒಣ ಟೀ ಎಲೆಯಲ್ಲೇ ಕೆಫೀನ್ ಜಾಸ್ತಿ, ಶೇಕಡಾ 2ರಿಂದ 4. ಅರೇಬಿಕಾ ಎಂಬ ತಳಿಯ ಕಾಫಿ ಬೀಜದಲ್ಲಿ ಸುಮಾರು 1.2. ಆದರೆ ನಮ್ಮ ಮನೆಗಳಲ್ಲಿ ಗಟ್ಟಿ ಡಿಕಾಕ್ಷನ್‌ಗೆ ಹಾಕುವ ಪುಡಿ ಎಷ್ಟು, ಒಂದು ಲೋಟ ಟೀಗೆ ಬೀಳುವುದು ಎಷ್ಟು, ತೂಗಿ ನೋಡಿ ಅಂತ ತಕ್ಕಡಿ ಕೊಡುತ್ತೇನೆ.