ಕರಾರು ಒಂದೇ, ಮ್ಯಾನಿಫೆಸ್ಟ್ ಬೇರೆ ಬೇರೆ: ಕಾಲೇಜುಗಳ ರಾಸಾಯನಿಕ ತ್ಯಾಜ್ಯ ಸಾಗಿಸಿದ ಬಗೆ

ಒಂದು ರಸಾಯನಶಾಸ್ತ್ರ ವಿಭಾಗದಲ್ಲಿ ಕೆಲವು ತಿಂಗಳಿಗೆ ಕೂಡುವುದು ಹತ್ತಿಪ್ಪತ್ತು ಕ್ಯಾನು ತ್ಯಾಜ್ಯ. ಅಷ್ಟಕ್ಕೇ ಲಾರಿ ಕರೆಸಿದರೆ ವಿಲೇವಾರಿಗಿಂತ ಬಾಡಿಗೆಯೇ ಜಾಸ್ತಿ. ಮೇಲೆ ಟ್ರಿಪ್ಪಿಗೆ ಕನಿಷ್ಠ ಇಷ್ಟು ತೂಕ ಎಂದು ಹಿಡಿದು ಬಿಲ್ ಬರುತ್ತದೆ. ಹಾಗಾಗಿ ಬೆಂಗಳೂರಿನ ಸುತ್ತಲಿನ ಕೆಲವು ಸಂಸ್ಥೆಗಳು ಸೇರಿ ಒಂದೇ ಕರಾರು ಮಾಡಿಕೊಂಡೆವು.

ಎಲ್ಲರದ್ದನ್ನೂ ದೊಡ್ಡ ಕ್ಯಾಂಪಸ್ಸಿನ ಶೆಡ್ಡಿಗೆ ತಂದು ಅಲ್ಲಿಂದ ಕಳಿಸುವುದು ಮೊದಲ ಲೆಕ್ಕಾಚಾರ. ಅದನ್ನು ಕೈಬಿಟ್ಟೆವು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ತ್ಯಾಜ್ಯ ಯಾರ ಆವರಣದಲ್ಲಿ ಹುಟ್ಟಿತೋ ಹೊಣೆ ಅವರದು. ಬೇರೆಯವರ ಕ್ಯಾನು ತಂದಿಟ್ಟುಕೊಂಡರೆ ನಾವೇ ಸಂಗ್ರಹಕಾರರಾಗುತ್ತೇವೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ನಮ್ಮ ಅಧಿಕಾರಪತ್ರ (ಅನುಮತಿ) ಅದನ್ನು ಒಳಗೊಳ್ಳುವುದಿಲ್ಲ. ಬದಲಿಗೆ ಡೇರಿ ಲಾರಿ ಊರೂರು ತಿರುಗಿ ಹಾಲೆತ್ತುವಂತೆ ಒಂದೇ ಲಾರಿ ಒಂದೇ ದಿನ ಕ್ಯಾಂಪಸ್ಸಿಂದ ಕ್ಯಾಂಪಸ್ಸಿಗೆ ಹೋಗುತ್ತದೆ. ದರ, ಲಾರಿ, ದಿನಾಂಕ ಎಲ್ಲರಿಗೂ ಒಂದೇ; ಅಧಿಕಾರಪತ್ರ, ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ ಪತ್ರ) ಮೊದಲಾದ ಕಾಗದಪತ್ರ ಅವರವರದು.

ಅಧಿಕಾರಪತ್ರಕ್ಕೆ ಮಂಡಳಿಗೆ ಫಾರಂ 1ರಲ್ಲಿ ಅರ್ಜಿ ಹಾಕುವಾಗಲೇ ಎಡವುವವರು ಹೆಚ್ಚು. ಬಳಸಿದ ಸಾಲ್ವೆಂಟ್ ಅಂದರೆ ದ್ರಾವಕ (ನಿಯಮಗಳ ಪಟ್ಟಿಯಲ್ಲಿ ಸಂಖ್ಯೆ 20.2) ಬರೆಯುತ್ತಾರೆ, ಖಾಲಿ ಬಾಟಲಿ, ಡಬ್ಬಗಳನ್ನೂ (33.1) ವ್ಯಾಕ್ಯೂಮ್ ಪಂಪಿನ ಹಳೇ ಎಣ್ಣೆಯನ್ನೂ (5.1) ಮರೆಯುತ್ತಾರೆ. ಅಧಿಕಾರಪತ್ರದಲ್ಲಿ ಇಲ್ಲದ್ದನ್ನು ಲಾರಿ ಹತ್ತಿಸುವುದಿಲ್ಲ.

ದಾಸ್ತಾನಿಗೆ ಸಾಮಾನ್ಯ ಮಿತಿ 90 ದಿನ. ವರ್ಷಕ್ಕೆ 10 ಟನ್ ಒಳಗಿನವರಿಗೆ ಮಂಡಳಿ ಅದನ್ನು 180ರವರೆಗೆ ವಿಸ್ತರಿಸಬಹುದು. ನಾವು ಐದು ತಿಂಗಳಿಗೊಮ್ಮೆ ಎಂದಿಟ್ಟುಕೊಂಡೆವು. ಪರೀಕ್ಷೆ, ರಜೆ, ಲಾರಿ ಸಿಗದಿರುವುದು ಎಲ್ಲವನ್ನೂ ಉಳಿದ ಒಂದು ತಿಂಗಳು ನುಂಗಿಕೊಳ್ಳುತ್ತದೆ.

ನಿಜವಾದ ಕೆಲಸವಿರುವುದು ಬೇರ್ಪಡಿಸುವುದರಲ್ಲಿ. ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್ ಒಂದು ಕ್ಯಾನಿಗೆ. ಹೆಕ್ಸೇನ್, ಈಥೈಲ್ ಅಸಿಟೇಟ್, ಮೆಥನಾಲ್, ಅಸಿಟೋನ್ ಇನ್ನೊಂದಕ್ಕೆ. ಕ್ಲೋರಿನ್ ಇದ್ದದ್ದು ಸುಡುವಾಗ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಸುಡುವ ದರವೂ ಏರುತ್ತದೆ. ಅರ್ಧ ಲೀಟರ್ ಕ್ಲೋರೋಫಾರ್ಮ್ ಬಿದ್ದರೆ ಇಡೀ 20 ಲೀಟರಿಗೂ ದುಬಾರಿ ದರ ತೆರಬೇಕು. ಅಸಿಟೋನ್ ಮತ್ತು ಕ್ಲೋರೋಫಾರ್ಮ್ ಬೆರೆತ ಕಡೆ ಕ್ಷಾರ ಸೇರಿದರೆ ಸ್ಫೋಟವೇ ಆಗಬಹುದು, ದುಡ್ಡಿನ ಮಾತು ಆಮೇಲೆ. ನೈಟ್ರಿಕ್ ಆಮ್ಲದ ಕ್ಯಾನಿಗೆ ಯಾವ ಸಾಲ್ವೆಂಟೂ ಬೇಡ: ಅನಿಲ ಕಟ್ಟಿ ಒಡೆಯುತ್ತದೆ. ಸಿವಿಲ್ ವಿಭಾಗದಲ್ಲಿ ನೀರಿನ ಮಾಲಿನ್ಯ ಅಳೆಯುವ ಸಿಒಡಿ ಪರೀಕ್ಷೆಯ ದ್ರವವನ್ನು ಬರೀ ಆಮ್ಲವೆಂದು ಸುರಿಯುವುದು ಎಲ್ಲ ಕಡೆ ನಡೆಯುವ ತಪ್ಪು. ಅದರಲ್ಲಿ ಕ್ರೋಮಿಯಂ, ಬೆಳ್ಳಿ ಮಾತ್ರವಲ್ಲ, ಪಾದರಸವೂ ಇದೆ. ಅದಕ್ಕೆ ಬೇರೆಯೇ ಕ್ಯಾನು.

ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕ್ಯಾನನ್ನು ಕತ್ತಿನವರೆಗೆ ತುಂಬಬಾರದು, ಬಿಸಿಲಿಗೆ ಉಬ್ಬುತ್ತದೆ. ಕ್ಲೋರೋಫಾರ್ಮಿನ ಸಾಂದ್ರತೆ ನೀರಿನ ಸುಮಾರು ಒಂದೂವರೆ ಪಟ್ಟು. 20 ಲೀಟರ್ ತುಂಬಿದರೆ 30 ಕಿಲೋ ಹತ್ತಿರ, ಹಿಡಿಯೇ ಕಿತ್ತುಬರಬಹುದು. ಫಾರಂ 8ರ ಹಳದಿ ಲೇಬಲ್ಲನ್ನು ನೀರಿಗೆ ಅಳಿಸದ ಹಾಳೆಯಲ್ಲಿ ಮುದ್ರಿಸಿ.

ಗುರುತಿಲ್ಲದ ಬಾಟಲಿಗೆ ವಿಲೇವಾರಿ ಏಜೆನ್ಸಿ ಅತಿ ಹೆಚ್ಚಿನ ದರ ಹಾಕುತ್ತದೆ. ಪಿಎಚ್ ಕಾಗದ, ಸ್ಟಾರ್ಚ್ ಅಯೋಡೈಡ್ ಕಾಗದ (ಉತ್ಕರ್ಷಕಗಳ ಸುಳಿವು), ನೀರಿನಲ್ಲಿ ತೇಲುತ್ತದೋ ಮುಳುಗುತ್ತದೋ ಎಂಬುದು, ಕಾಯಿಸಿದ ತಾಮ್ರದ ತಂತಿಯ ಹಸಿರು ಜ್ವಾಲೆ (ಹ್ಯಾಲೋಜನ್ ಸುಳಿವು): ಫ್ಯೂಮ್ ಹುಡ್‌ನಲ್ಲಿ ಇಷ್ಟು ನೋಡಿದರೆ ಬಹುಪಾಲು ಬಾಟಲಿಗಳ ಗುಂಪು ಗೊತ್ತಾಗುತ್ತದೆ. ಮುಚ್ಚಳದ ಸುತ್ತ ಹರಳು ಕಟ್ಟಿದ ಈಥರ್, ಅದೇ ಬಗೆಯ ಸಾಲ್ವೆಂಟಾದ ಟಿಎಚ್‌ಎಫ್, ಒಣಗಿದ ಪಿಕ್ರಿಕ್ ಆಮ್ಲವನ್ನು ಮಾತ್ರ ಮುಟ್ಟಲೇಬೇಡಿ, ಲಾರಿಗೂ ಹಾಕಬೇಡಿ. ಅದಕ್ಕೆ ಸ್ಫೋಟಕ ಬಲ್ಲವರೇ ಬರಬೇಕು.

ತೂಕದ ಜಗಳ ಬಂದೇ ಬರುತ್ತದೆ. ಲಾರಿ ವೇಬ್ರಿಡ್ಜ್ ಹತ್ತಿಪ್ಪತ್ತು ಕಿಲೋ ಹೆಜ್ಜೆಯಲ್ಲಿ ಓದುವಂಥದ್ದು. 40 ಕಿಲೋ ಕೊಟ್ಟ ಕಾಲೇಜಿನ ಪಾಲು ಅಲ್ಲಿ ಸರಿಯಾಗಿ ಕಾಣುವುದಿಲ್ಲ. ಕ್ಯಾಂಪಸ್ಸಿನಲ್ಲೇ ಪ್ಲಾಟ್‌ಫಾರ್ಮ್ ತಕ್ಕಡಿಯಲ್ಲಿ ತೂಗಿ, ಚಾಲಕನ ಸಹಿ ಪಡೆದು, ಬಿಲ್ಲಿಗೆ ಆ ತೂಕವೇ ಆಧಾರವೆಂದು ಕರಾರಿನಲ್ಲಿ ಬರೆಸಿದೆವು. ವಿಲೇವಾರಿ ಖರ್ಚು ಅವರವರ ತೂಕಕ್ಕೆ. ಬಾಡಿಗೆಯಲ್ಲಿ ಅರ್ಧ ತೂಕದ ಮೇಲೆ, ಅರ್ಧ ಸಮಪಾಲು: ಎರಡೇ ಕ್ಯಾನು ಕೊಟ್ಟು ಎರಡು ಗಂಟೆ ಲಾರಿ ಕಾಯಿಸುವವರೂ ಇರುತ್ತಾರಲ್ಲ.

ಫಾರಂ 10ರ ಮ್ಯಾನಿಫೆಸ್ಟಿಗೆ ಏಳು ಪ್ರತಿ. ಬಿಳಿ ಮಂಡಳಿಗೆ, ಸಾಗಣೆದಾರರ ಸಹಿಯಾದ ಹಳದಿ ನಮ್ಮಲ್ಲಿ, ತಲುಪಿದ ಮೇಲೆ ನೀಲಿ ವಾಪಸ್ ಬರಬೇಕು. ಒಂದು ಕಾಲೇಜಿನ ನೀಲಿ ಪ್ರತಿ ಬಾಕಿ ಇದ್ದರೂ ಯಾರ ಬಿಲ್ಲೂ ಪಾಸಾಗುವುದಿಲ್ಲ ಎಂಬ ಷರತ್ತು ಹಾಕಿದ್ದೇವೆ. ಜೂನ್ 30ರೊಳಗೆ ವಾರ್ಷಿಕ ವರದಿಯಾದ ಫಾರಂ 4 ಸಲ್ಲಿಸುವಾಗ ಕೂಡಿ ಲೆಕ್ಕ ಹಾಕಬೇಕಾದ್ದು ಈ ನೀಲಿ ಹಾಳೆಗಳ ತೂಕವನ್ನೇ.